ನಂದಿಯ ಮೇಲೊಂದು ನಂದಿ

ಮೊದಲೇ ಹೇಳಿಬಿಡುತ್ತೇನೆ, ಈ ಘಾಟಿಯನ್ನು ಸೈಕಲ್ಲಿನಲ್ಲಿ ನೆಲಕ್ಕೆ ಕಾಲು ತಾಗಿಸದೆ ಹತ್ತಿದೆ ಅಂದರೆ ಸುಳ್ಳಾಗುತ್ತದೆ. ಮೂರು ಸಲ ತಾಗಿಸಿದೆ. ಬಸ್ಸಿಗೆ ದಾರಿ ಬಿಡಲು ನಿಂತದ್ದನ್ನು ಇದರಲ್ಲಿ ಸೇರಿಸಿಲ್ಲ. ಅದು ಕಾನೂನು, ಸುಸ್ತಲ್ಲ.

ಘಾಟಿಯ ಹೆಸರು ಗ್ರೋಸ್ಸೆ ಶೈಡೆಗ್. ಸ್ವಿಟ್ಜರ್ಲೆಂಡಿನ ಮೈರಿಂಗೆನ್ ಅನ್ನೋ ಊರಿನಿಂದ ರಸ್ತೆ ಹೊರಡುತ್ತದೆ, ಒಂದು ಕಣಿವೆಯನ್ನು ಬುಡದಿಂದ ತಲೆಯವರೆಗೆ ಹತ್ತುತ್ತದೆ, ಆಚೆ ಕಡೆ ಗ್ರಿಂಡೆಲ್‌ವಾಲ್ಡ್‌ಗೆ ಇಳಿಯುತ್ತದೆ. ಮೈರಿಂಗೆನ್ ಇರುವುದು 595 ಮೀಟರ್ ಎತ್ತರದಲ್ಲಿ. ಘಾಟಿಯ ತುದಿ 1962 ಮೀಟರ್. ಮಧ್ಯೆ ಸುಮಾರು 16 ಕಿಲೋಮೀಟರ್. ಆಲ್ಪ್ಸ್‌ನಲ್ಲಿ ಇದಕ್ಕಿಂತ ಎತ್ತರದ, ಇದಕ್ಕಿಂತ ಹೆಸರುವಾಸಿಯಾದ ರಸ್ತೆಗಳು ಬೇಕಾದಷ್ಟಿವೆ. ಅಲ್ಲೆಲ್ಲ ಬೇಸಿಗೆ ಬಂತೆಂದರೆ ಮೋಟರ್‌ಬೈಕುಗಳ ಗುಂಪು ಕಿವಿ ಹರಿಯುವಂತೆ ಓಡಾಡುತ್ತದೆ. ಇಲ್ಲಿ ಹಾಗಿಲ್ಲ. ಶ್ವಾರ್ಟ್ಸ್‌ವಾಲ್ಡಾಲ್ಪ್ ಅನ್ನೋ ಜಾಗ ದಾಟಿದ ಮೇಲೆ ಖಾಸಗಿ ಕಾರು, ಬೈಕು ಬಿಡುವುದೇ ಇಲ್ಲ. ಹಳದಿ ಬಣ್ಣದ ಅಂಚೆ ಬಸ್ಸು, ಸೈಕಲ್ಲು, ನಡೆಯುವವರು, ಹಸು. ಅಷ್ಟೇ.

ನಾನು ಬೆಟ್ಟ ಹತ್ತಲು ಕಲಿತದ್ದು ನಂದಿಯಲ್ಲಿ. ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆಲ್ಲ ಅದೇ ಪಾಠಶಾಲೆ ಅಲ್ವಾ. ಭಾನುವಾರ ನಸುಕಿಗೇ ಎದ್ದು, ಏರ್‌ಪೋರ್ಟ್ ರಸ್ತೆಯಲ್ಲಿ ಲಾರಿಗಳ ಜೊತೆ ಜೀವ ಕೈಯಲ್ಲಿ ಹಿಡಿದು ಹೋಗಿ, ಬುಡ ಮುಟ್ಟಿದಾಗ ಸೂರ್ಯೋದಯ ನೋಡಲು ಬಂದ ಕಾರುಗಳ ಸಾಲು ಆಗಲೇ ಅರ್ಧ ಬೆಟ್ಟಕ್ಕೆ ಏರಿರುತ್ತದೆ. ಪ್ರತಿ ತಿರುವಿನಲ್ಲೂ ಹಾರ್ನು. ಮುಂದಿನವನು ಹೊಡೆದ ಅಂತ ಹಿಂದಿನವನು. ಹಿಂದಿನವನು ಹೊಡೆದ ಅಂತ ಅವನ ಹಿಂದಿನವನು. ಅದರ ನಡುವೆ ಏದುಸಿರು ಬಿಡುತ್ತಾ ಹತ್ತುವುದು. ದೂರುತ್ತಿಲ್ಲ, ಮೇಲೆ ಹೋದ ಮೇಲೆ ಸಿಗುವ ಮ್ಯಾಗಿಗೋಸ್ಕರ ಅದನ್ನೆಲ್ಲ ಸಂತೋಷದಿಂದಲೇ ಮಾಡಿದ್ದೇನೆ. ಈಗ ಕೆಲಸದ ಮೇಲೆ ಜ್ಯೂರಿಕ್‌ನಲ್ಲಿದ್ದೇನೆ. ಆಫೀಸಿನಲ್ಲಿ ಒಬ್ಬರು, "ನಿನಗೆ ಗದ್ದಲ ಇಲ್ಲದ ರಸ್ತೆ ಬೇಕಾದರೆ ಅಲ್ಲಿಗೆ ಹೋಗು" ಅಂದರು. ಹೋದೆ.

ಹೋಗುವ ಮುಂಚೆ ಒಂದು ಎಡವಟ್ಟಾಗಿತ್ತು. ಸೈಕಲ್ಲನ್ನು ಸರ್ವಿಸಿಗೆ ಕೊಟ್ಟಾಗ, ಹಿಂದಿನ ಗೇರಿಗೆ ಸ್ವಲ್ಪ ಹೆಚ್ಚು ಹಲ್ಲಿನ ಚಕ್ರ ಹಾಕಿಕೊಡಿ, ಏರು ಜಾಸ್ತಿ ಇದೆ, ತುಳಿಯಲು ಹಗುರಾಗಲಿ ಅಂತ ಕೇಳಿದ್ದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "28 ಹಲ್ಲು ಸಾಕು, ನೀವಿನ್ನೂ ಚಿಕ್ಕವರು" ಅಂದ. ಹೊಗಳಿಕೆ ಅಂದುಕೊಂಡು ಬಂದುಬಿಟ್ಟೆ. ಮುಂದೆ 34, ಹಿಂದೆ 28. ಈ ವಿಷಯ ಗೊತ್ತಿರುವವರು ಈಗಲೇ ನಕ್ಕಿರುತ್ತೀರಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದೊಂದು ತುಳಿತಕ್ಕೂ ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ.

ಲುಟ್ಸರ್ನ್‌ನಿಂದ ಬ್ರೂನಿಗ್ ಘಾಟಿ ದಾಟಿ ಬರುವ ರೈಲು ಮೈರಿಂಗೆನ್‌ನಲ್ಲಿ ನಿಂತು, ಬಂದ ದಿಕ್ಕಿಗೇ ತಿರುಗಿಕೊಂಡು ಇಂಟರ್‌ಲಾಕೆನ್ ಕಡೆ ಹೋಗುತ್ತದೆ. ಅದು ಹೋದ ಮೇಲೆ ಸ್ಟೇಷನ್ನಿನಲ್ಲಿ ನಾನು, ಸೈಕಲ್ಲು, ಬೆನ್ನಿನ ಜೇಬಿನಲ್ಲಿ ಶೇಂಗಾ ಚಿಕ್ಕಿ, ಫಾಯಿಲಿನಲ್ಲಿ ಸುತ್ತಿದ ಎರಡು ಚಪಾತಿ ಚಟ್ನಿಪುಡಿ. ಮೆರಾಂಗ್ ಅಂತ ಮೊಟ್ಟೆ ಬಿಳಿಯ ಸಿಹಿ ಇದೆಯಲ್ಲ, ಅದು ಹುಟ್ಟಿದ್ದು ತಮ್ಮೂರಲ್ಲೇ ಅಂತ ಇಲ್ಲಿಯವರ ವಾದ. ಇರಲಿ, ಹತ್ತುವ ಮುಂಚೆ ಸಿಹಿ ತಿನ್ನುವ ಧೈರ್ಯ ಬರಲಿಲ್ಲ.

ಆರೆ ನದಿ ದಾಟುತ್ತಿದ್ದಂತೆ ಶುರು. ಪೀಠಿಕೆಯೇ ಇಲ್ಲ. ನಂದಿಯಾದರೆ ಮೊದಲು ಸ್ವಲ್ಪ ಮಾತಾಡಿಸಿ ಆಮೇಲೆ ಹೊಡೆಯುತ್ತದೆ, ಇದು ಬಾಗಿಲು ತೆಗೆದ ಕೂಡಲೇ ಕೆನ್ನೆಗೆ ಬಾರಿಸುತ್ತದೆ. ಕಾಡಿನೊಳಗೆ ತಿರುವಿನ ಮೇಲೆ ತಿರುವು, ನೆರಳು, ತೇವ. ಪಕ್ಕದಲ್ಲಿ ರೈಕೆನ್‌ಬಾಖ್ ಜಲಪಾತದ ಸದ್ದು. ಶೆರ್ಲಾಕ್ ಹೋಮ್ಸ್ ತನ್ನ ಶತ್ರುವಿನ ಜೊತೆ ಬಿದ್ದು ಸತ್ತ ಅಂತ ಕಥೆಯಲ್ಲಿ ಬರುವ ಜಲಪಾತ ಇದೇ, ಕೆಳಗೆ ಊರಲ್ಲಿ ಅವನ ಮ್ಯೂಸಿಯಂ ಕೂಡ ಇದೆ. ಮುಂದಿನ ಕಥೆಯಲ್ಲಿ ಅವನು ಬದುಕಿ ಬರುತ್ತಾನೆ. ಇಲ್ಲದ ಮನುಷ್ಯ ಸಾಯದೇ ಇದ್ದ ಜಾಗಕ್ಕೆ ಅಷ್ಟು ಜನ ಬರುತ್ತಾರೆ. ನಾನು ಜಲಪಾತ ನೋಡಲಿಲ್ಲ. ನಿಂತರೆ ಮತ್ತೆ ಹತ್ತಲಾರೆ ಅನ್ನೋ ಭಯ. ಮೊದಲ ಸಲ ಕಾಲಿಟ್ಟದ್ದು ಜಲಪಾತದ ತಲೆಯ ಹತ್ತಿರ, ತ್ಸ್ವಿರ್ಗಿ ಅನ್ನೋ ಕಡೆ. ಆ ಹೆಸರನ್ನು ಸರಿಯಾಗಿ ಹೇಳಲು ಪ್ರಯತ್ನಿಸುತ್ತಾ ಅರ್ಧ ಬಾಟಲಿ ನೀರು ಕುಡಿದೆ.

ಅಲ್ಲಿಂದ ಸ್ವಲ್ಪ ಮೇಲೆ ಹೋದರೆ ಕಣಿವೆ ತೆರೆದುಕೊಳ್ಳುತ್ತದೆ. ಗ್ಶ್ವಾಂಟೆನ್‌ಮಾಡ್ ಅಂತ ಒಂದು ಹುಲ್ಲುಗಾವಲು. ನಮ್ಮೂರ ಕಟಿಂಗ್ ಶಾಪಿನಲ್ಲಿ ಒಂದು ಹಳೇ ಕ್ಯಾಲೆಂಡರ್ ನೇತಾಡುತ್ತಿತ್ತು, ವರ್ಷ ಮುಗಿದರೂ ಚಿತ್ರ ಚೆನ್ನಾಗಿದೆ ಅಂತ ತೆಗೆದಿರಲಿಲ್ಲ. ಹಸಿರು ಹುಲ್ಲು, ಒಂದು ಹೊಳೆ, ಎರಡು ಮರದ ಮನೆ, ಹಿಂದೆ ಹಿಮದ ಬೆಟ್ಟ. ಅದು ಪೇಂಟಿಂಗ್ ಅಂತಲೇ ಅಂದುಕೊಂಡು ಬೆಳೆದವನು ನಾನು. ಈ ಹುಲ್ಲುಗಾವಲಿನಲ್ಲಿ ತಿರುವು ತೆಗೆದುಕೊಂಡಾಗ ಎದುರಿಗೆ ಅದೇ. ವೆಲ್‌ಹಾರ್ನ್ ಶಿಖರ, ಅದರ ಹಿಂದೆ 3692 ಮೀಟರಿನ ವೆಟರ್‌ಹಾರ್ನ್, ಪಕ್ಕದಲ್ಲಿ ರೋಸೆನ್‌ಲೌಯಿ ಹಿಮನದಿ ಮೇಲಿನಿಂದ ಇಣುಕುತ್ತಿದೆ. 19ನೇ ಶತಮಾನದಲ್ಲಿ ಪ್ರವಾಸಿಗರು ಆ ಹಿಮನದಿಯ ಬುಡದವರೆಗೆ ಸಲೀಸಾಗಿ ನಡೆದು ಹೋಗುತ್ತಿದ್ದರಂತೆ. ಈಗ ಅದು ಬಂಡೆಗಳ ಮೇಲೆ ಹಿಂದೆ ಹಿಂದೆ ಸರಿದು, ಕೆಳಗಿನವರಿಗೆ ಬರೀ ನೀರು ಕಳಿಸುತ್ತದೆ. ಅದೇ ನೀರು ಕೊರೆದ ಒಂದು ಇಕ್ಕಟ್ಟಾದ ಕಂದರ ಮುಂದೆ ರೋಸೆನ್‌ಲೌಯಿಯಲ್ಲಿದೆ, ಟಿಕೆಟ್ ತಗೊಂಡು ಒಳಗೆ ಹೋಗಬಹುದು. ಒಂದು ಹಳೆಯ ಹೋಟೆಲೂ ಇದೆ. ಅದರ ಹತ್ತಿರ ಚಪಾತಿ ಬಿಚ್ಚಿದೆ, ಇದು ಎರಡನೇ ಸಲ ಕಾಲಿಟ್ಟದ್ದು.

ಅಲ್ಲೇ ಒಂದು ಜೋಡಿ ನನ್ನನ್ನು ದಾಟಿಕೊಂಡು ಹೋಯಿತು. ಎಪ್ಪತ್ತು ದಾಟಿದ ಅಜ್ಜ ಅಜ್ಜಿ, ಇಬ್ಬರದೂ ಬ್ಯಾಟರಿ ಸೈಕಲ್ಲು. ಅಜ್ಜಿ ಬೆವರಿರಲೂ ಇಲ್ಲ. "ಗ್ರೂಸೆಖ್" ಅಂದರು. ಜ್ಯೂರಿಕ್‌ನವರು "ಗ್ರೂಯೆಟ್ಸಿ" ಅನ್ನುತ್ತಾರೆ, ಬರ್ನ್ ಕಡೆಯವರದು ಇದು. ಧಾರವಾಡದವರು ಮೈಸೂರಿಗೆ ಬಂದ ಹಾಗೆ ಒಂದು ಕ್ಷಣ ತಡವರಿಸಿ, ಬಾಯಿತುಂಬಾ ಚಪಾತಿ ಇಟ್ಟುಕೊಂಡೇ ಏನೋ ಒಂದು ಅಂದೆ.

ಶ್ವಾರ್ಟ್ಸ್‌ವಾಲ್ಡಾಲ್ಪ್ ತಲುಪಿದಾಗ ಮೀಟರ್ ನೋಡಿಕೊಂಡೆ. ಹತ್ತಿರ ಹತ್ತಿರ 1450. ಎಲ್ಲೋ ನೋಡಿದ ಸಂಖ್ಯೆ ಅನ್ನಿಸಿತು. ನಂದಿಬೆಟ್ಟದ ಎತ್ತರ 1478 ಮೀಟರ್! ಅಂದರೆ ಇಷ್ಟು ಹೊತ್ತು ಏದುಸಿರು ಬಿಟ್ಟುಕೊಂಡು ನಾನು ಬಂದು ಮುಟ್ಟಿರುವುದು ನಂದಿಯ ತುದಿಗೆ. ಮ್ಯಾಗಿ ಸಿಗಬೇಕಾದ ಜಾಗ. ಆದರೆ ಇಲ್ಲಿಂದ ಇನ್ನೂ 500 ಮೀಟರ್ ಹತ್ತಬೇಕು, ಮತ್ತೆ ನಂದಿಯ ಬುಡದಿಂದ ತುದಿಗೆ ಹತ್ತುವುದೂ ಹೆಚ್ಚುಕಮ್ಮಿ ಅಷ್ಟೇ. ನಂದಿಯ ನೆತ್ತಿಯ ಮೇಲೆ ಇನ್ನೊಂದು ನಂದಿಯನ್ನು ತಂದಿಟ್ಟಿದ್ದಾರೆ. ಅದೂ ಅಲ್ಲಿ ಏಳೆಂಟು ಕಿಲೋಮೀಟರಿನಲ್ಲಿ ಹತ್ತುವುದನ್ನು ಇಲ್ಲಿ ಐದಾರು ಕಿಲೋಮೀಟರಿಗೆ ಮಡಚಿ.

ಕಾರುಗಳಿಗೆ ಇಲ್ಲಿಗೆ ಕೊನೆ. ಮುಂದೆ ರಸ್ತೆ ಒಂದು ಬಸ್ಸಿನಷ್ಟೇ ಅಗಲ.

ಸದ್ದಿಲ್ಲದ ರಸ್ತೆ ಅಂದರೆ ಏನೂ ಕೇಳಿಸುವುದಿಲ್ಲ ಅಂತ ನಾನು ಅಂದುಕೊಂಡಿದ್ದೆ. ತಪ್ಪು. ಎಲ್ಲವೂ ಕೇಳಿಸುತ್ತದೆ. ಮೊದಲು ಕೇಳಿಸಿದ್ದು ನನ್ನ ಸೈಕಲ್ಲು. ಎಡಗಡೆ ಪೆಡಲಿನ ಹತ್ತಿರ ಎಲ್ಲೋ ಒಂದು ಕಿರ್ ಸದ್ದು, ಪ್ರತಿ ಸುತ್ತಿಗೂ ಒಂದು. ಅದು ಅವತ್ತು ಹುಟ್ಟಿದ್ದಲ್ಲ, ತಿಂಗಳುಗಟ್ಟಲೆ ಇದ್ದಿರಬೇಕು, ಊರಿನ ಗದ್ದಲದಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ನನ್ನ ಉಸಿರು. ನಾನು ಇಷ್ಟು ಅಸಹ್ಯವಾಗಿ ಉಸಿರಾಡುತ್ತೇನೆ ಅಂತ ನಂದಿಯಲ್ಲಿ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಹಾರ್ನಿನಲ್ಲಿ ಕೇಳಿಸುತ್ತಿರಲಿಲ್ಲ. ಆಮೇಲೆ ಹಸುಗಳ ಕೊರಳ ಗಂಟೆ, ಒಂದೊಂದರದ್ದು ಒಂದೊಂದು ಸ್ವರ, ಮೇಯುವಾಗ ತಲೆ ಎತ್ತಿ ಇಳಿಸಿದ ಹಾಗೆ ಗಡಗಡ ಅಂತ ಶುರುವಾಗಿ ನಿಂತು ಮತ್ತೆ ಶುರುವಾಗುವುದು. ಬೇಸಿಗೆಗೆ ಹಸುಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಬಂದು, ಸೆಪ್ಟೆಂಬರಿನಲ್ಲಿ ಮತ್ತೆ ಕೆಳಗೆ ಕರೆದೊಯ್ಯುತ್ತಾರೆ. ಒಂದು ಹಸು ರಸ್ತೆ ಮಧ್ಯದಲ್ಲೇ ಮಲಗಿತ್ತು. ಅದನ್ನು ಸುತ್ತಿಕೊಂಡು ಹೋಗುವುದು ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಎಡಗಡೆ ವೆಟರ್‌ಹಾರ್ನಿನ ಗೋಡೆ. ಒಮ್ಮೆ ಅದರೊಳಗಿಂದ ಗುಡುಗಿದ ಹಾಗಾಯಿತು. ಆಕಾಶ ನೋಡಿದೆ, ಒಂದು ಮೋಡ ಇಲ್ಲ. ಮೇಲೆ ಎಲ್ಲೋ ಹಿಮದ ತುಂಡು ಕಳಚಿ ಬಿದ್ದದ್ದು. ಕಣ್ಣಿಗೆ ಕಂಡದ್ದು ಸಕ್ಕರೆ ಚೆಲ್ಲಿದಂತೆ ಒಂದು ಬಿಳಿ ಗೆರೆ, ಅದೂ ಸದ್ದು ಬಂದ ಮೇಲೆ ಹುಡುಕಿದರೆ.

ಏರು ಅಂದರೆ ಏರು. ಕೆಲವು ಕಡೆ ನೂರಕ್ಕೆ ಹನ್ನೆರಡರ ಮೇಲೆ. ಅಂಗಡಿಯವನ 28 ಹಲ್ಲು ಒಂದೊಂದಾಗಿ ನನ್ನ ಮಂಡಿಯನ್ನು ಕಚ್ಚುತ್ತಿದ್ದವು. ಮನಸ್ಸಿಗೆ ಏನಾದರೂ ಕೆಲಸ ಕೊಡಬೇಕು ಅಂತ ಮಗ್ಗಿ ಹೇಳಲು ಶುರು ಮಾಡಿದೆ. ಸುಮ್ನೆ ಹೇಳಿ ನೋಡಿ, ಮಗ್ಗಿಯ ಲಯ ತುಳಿಯುವ ಲಯಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಬಲಗಾಲಿಗೆ "ಎರಡೆರಡ್ಲ", ಎಡಗಾಲಿಗೆ "ನಾಕು". ಎರಡರಿಂದ ಹತ್ತರವರೆಗೆ ಸಲೀಸು. ಹನ್ನೆರಡೂ ಆಯಿತು. ಹದಿಮೂರಕ್ಕೆ ಬಂದಾಗ ಏರೂ ಜಾಸ್ತಿಯಾಯಿತು, "ಹದಿಮೂರೇಳ್ಲ… ಹದಿಮೂರೇಳ್ಲ…" ಅಂತ ಜೋರಾಗಿ ಅಲ್ಲೇ ಸಿಕ್ಕಿಹಾಕಿಕೊಂಡೆ. ತಿರುವಿನಿಂದ ನಡೆದು ಬಂದ ಇಬ್ಬರು, ಸಹಾಯ ಬೇಕಾ ಅಂತ ಕೇಳಿದರು. ಮೂರನೇ ಸಲ ಕಾಲಿಟ್ಟದ್ದು ಆಗ. ತೊಂಬತ್ತೊಂದು ಅಂತ ಹೊಳೆದದ್ದು ಅವರು ಹೋದ ಮೇಲೆ.

ಇನ್ನು ಬಸ್ಸಿನ ವಿಷಯ. ಅದು ಕಾಣುವುದಕ್ಕೆ ಎಷ್ಟೋ ಮುಂಚೆ ಕೇಳಿಸುತ್ತದೆ. ಮೂರು ಸ್ವರದ ಹಾರ್ನು, ಟೀ-ತಾ-ಟೋ ಅಂತ. ಸಂಗೀತಗಾರ ರೋಸಿನಿಯ ಒಂದು ಆಪೆರಾದ, ಅಂದರೆ ಹಾಡುನಾಟಕದ, ಸಂಗೀತದಿಂದ ತೆಗೆದುಕೊಂಡ ಸ್ವರಗಳು, ಆಪೆರಾ ಈ ದೇಶದ ವೀರ ವಿಲಿಯಂ ಟೆಲ್‌ನದು. ಇಂಥ ಬೆಟ್ಟದ ಅಂಚೆ ರಸ್ತೆಗಳಿಗೆ ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಗುರುತು ಇರುತ್ತದೆ. ಆ ಗುರುತು ಇದ್ದಲ್ಲಿ ಬಸ್ ಡ್ರೈವರ್ ಕೈಸನ್ನೆ ಮಾಡಿದ ಹಾಗೆ ಉಳಿದವರು ಕೇಳಬೇಕು. ಮುಂದೆ ಬಾ ಅಂದರೆ ಬಾ, ಹಿಂದೆ ಹೋಗು ಅಂದರೆ ಹಿಂದೆ. ಕಣ್ಣಿಗೆ ಕಾಣದ ತಿರುವು ಬಂದಾಗ ಮಾತ್ರ ಹೊಡೆಯುತ್ತಾನೆ, ಒಂದೇ ಸಲ. ಆ ಸದ್ದು ಗೋಡೆಗೆ ತಾಗಿ ಕಣಿವೆ ತುಂಬಾ ಒಂದು ಸುತ್ತು ಹಾಕಿ ಬರುತ್ತದೆ. ಕೆಳಗೆ ಮೂರು ತಿರುವು ದೂರ ಇರುವಾಗಲೇ ನಾನು ಜಾಗ ಹುಡುಕಿಕೊಂಡು ಹುಲ್ಲಿನ ಅಂಚಿಗೆ ನಿಂತುಬಿಡಬಹುದು. ನಂದಿಯಲ್ಲಿ, ಚಾರ್ಮಾಡಿಯಲ್ಲಿ, ಆಗುಂಬೆಯಲ್ಲಿ ಹಾರ್ನ್ ಮಾಡಿ ಅಂತ ಬೋರ್ಡು ಓದಿಯೇ ಬೆಳೆದವನು ನಾನು. ಹಾರ್ನ್ ಅಂದರೆ "ಸರಿ ಆಚೆ" ಅನ್ನುವುದು ಅಂತಲೇ ನನ್ನ ಕಿವಿಗೆ ಅಭ್ಯಾಸ. ಈ ಬಸ್ಸಿನದು "ಬರ್ತಾ ಇದ್ದೀನಿ ಕಣಪ್ಪಾ" ಅಂದ ಹಾಗಿತ್ತು. ಮೊದಲ ಬಸ್ಸಿಗೆ ನಿಂತಾಗ ಗಾಬರಿಯಾಗಿತ್ತು, ಕನ್ನಡಿ ಭುಜಕ್ಕೆ ತಾಗುತ್ತದೇನೋ ಅನ್ನುವಷ್ಟು ಹತ್ತಿರ. ಕೊನೆಕೊನೆಗೆ ಯಾವಾಗ ಬರುತ್ತದೋ ಅಂತ ನಾನೇ ಕಾಯುತ್ತಿದ್ದೆ. ಸುಸ್ತಾಯಿತು ಅನ್ನಿಸಿಕೊಳ್ಳದೆ ನಿಲ್ಲಬಹುದಲ್ಲ!

ತುದಿ ಬಂದದ್ದು ಗೊತ್ತಾಗಲಿಲ್ಲ. ಹೋಟೆಲಿನ ಛಾವಣಿ ಕಂಡಿತು, ಆಮೇಲೆ ಅದರ ಆಚೆ ಐಗರ್ ನಿಂತಿತ್ತು, 3967 ಮೀಟರ್. ಅಷ್ಟು ಹೊತ್ತು ವೆಟರ್‌ಹಾರ್ನ್ ಅದನ್ನು ಮುಚ್ಚಿಟ್ಟುಕೊಂಡಿತ್ತು. ಎರಡು ಗಂಟೆ ಐವತ್ತು ನಿಮಿಷ ಆಗಿತ್ತು. ಬ್ಯಾಟರಿ ಅಜ್ಜ ಅಜ್ಜಿ ಅಲ್ಲೇ ಕೂತು ಸೂಪ್ ಮುಗಿಸಿ ಕೇಕಿಗೆ ಬಂದಿದ್ದರು. ನನ್ನನ್ನು ನೋಡಿ ಅಜ್ಜಿ ಚಪ್ಪಾಳೆ ತಟ್ಟಿದರು. ನಾನು ಚಿಕ್ಕಿ ಕೊಟ್ಟೆ. ಒಂದು ತುಂಡು ಕಚ್ಚಿ, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನಮ್ಮಜ್ಜಿ ಮಾಡುತ್ತಿದ್ದದ್ದೂ ಅದನ್ನೇ.

ಇಳಿದದ್ದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. 2011ರ ಟೂರ್ ಡಿ ಸ್ವಿಸ್ ಸೈಕಲ್ ರೇಸಿನಲ್ಲಿ ಪೀಟರ್ ಸಗಾನ್ ಇದೇ ಇಳಿಜಾರಿನಲ್ಲಿ ಬಿಟ್ಟುಕೊಂಡು ಹೋಗಿ, ಮುಂದಿದ್ದ ದಾಮಿಯಾನೊ ಕುನೆಗೊನನ್ನು ಹಿಡಿದು ಗ್ರಿಂಡೆಲ್‌ವಾಲ್ಡ್‌ನಲ್ಲಿ ಗೆದ್ದಿದ್ದ. ನಾನು ಎರಡು ಬ್ರೇಕೂ ಹಿಡಿದು, ಬೆರಳು ಮರಗಟ್ಟಿಸಿಕೊಂಡು ಇಳಿದೆ. ಹೋಟೆಲ್ ವೆಟರ್‌ಹಾರ್ನ್ ಹತ್ತಿರ ಕೈ ಬಿಸಿ ಮಾಡಿಕೊಳ್ಳಲು ನಿಂತಾಗ, 1908ರಲ್ಲಿ ಇಲ್ಲಿಂದ ಆ ಬಂಡೆಗೋಡೆಯ ಮೇಲಕ್ಕೆ ಜನರನ್ನು ಸಾಗಿಸಲು ತೂಗುಡಬ್ಬಿ, ಅಂದರೆ ಕೇಬಲ್ ಕಾರ್, ಹಾಕಿದ್ದರು ಅನ್ನುವುದು ನೆನಪಾಯಿತು. ಮೊದಲ ಮಹಾಯುದ್ಧ ಬಂತು, ಪ್ರವಾಸಿಗರು ನಿಂತರು, ಅದೂ ನಿಂತಿತು. ಅಲ್ಲಿಂದ ಗ್ರಿಂಡೆಲ್‌ವಾಲ್ಡ್ ಸ್ಟೇಷನ್ನಿಗೆ ಬಂದರೆ ಜನವೋ ಜನ. ಸೂಟ್‌ಕೇಸುಗಳ ಚಕ್ರದ ಸದ್ದಿನಲ್ಲಿ ನನ್ನ ಪೆಡಲಿನ ಕಿರ್ ಮತ್ತೆ ಕಳೆದುಹೋಯಿತು.

ರೈಲಿಗೆ ಕಾಯುತ್ತಾ ಅಮ್ಮನಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ಇಷ್ಟು ದೊಡ್ಡ ಬೆಟ್ಟ ಸೈಕಲ್ಲಲ್ಲಿ ಯಾಕೋ ಹತ್ತಿದೆ? ಬಸ್ ಇರ್ಲಿಲ್ವಾ?"

"ಇತ್ತಮ್ಮಾ. ನಾಲ್ಕಕ್ಕೆ ದಾರಿ ಬಿಟ್ಟೆ."