6ನೇ ದಿನ ವಾಪಸ್

ಭಾನುವಾರದಿಂದ ತಲೇಲಿ ಒಂದೇ ಮಾತು ಸುತ್ತುತ್ತಾ ಇದೆ. ಅತ್ತಿಗೆ ಮಂಚದ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು, ಕೈ ಚಾಚಿ, ನಾವು ಹೊಸದಾಗಿ ತಂದ ಬೆಕ್ಕು ಬೂದಿ ಬುಸ್ ಅಂದ ತಕ್ಷಣ ಕೈ ಎಳ್ಕೊಂಡು ಎದ್ದು ನಿಂತು ಹೇಳಿದ್ದು: "ಏನಮ್ಮಾ ಇದು, ಮುಖಾನೇ ತೋರಿಸಲ್ಲ, ಮುಟ್ಟೋಕೆ ಹೋದ್ರೆ ಬುಸ್ ಅನ್ನುತ್ತೆ. ವಾಪಸ್ ಕೊಟ್ಬಿಡು, ಒಂದು ಮುದ್ದಾದ ಮರಿ ತಗೊಂಡ್ ಬಾ."

ಆ "ವಾಪಸ್" ಅನ್ನೋ ಪದ ಇಲ್ದಿದ್ರೆ ಬಹುಶಃ ಇಷ್ಟು ನಾಟ್ತಿರ್ಲಿಲ್ಲ. ಅದನ್ನ ನಾನು ಮೊದಲೇ ಒಂದ್ಸಲ ಓದಿದ್ದೆ, ದಿಕ್ಕಿಲ್ಲದ ಪ್ರಾಣಿಗಳನ್ನ ನೋಡ್ಕೊಂಡು ಸಾಕೋರಿಗೆ ಕೊಡೋ ಶೆಲ್ಟರ್‌ನಲ್ಲಿ ಬೂದಿಯ ಗೂಡಿಗೆ ಸಿಕ್ಕಿಸಿದ್ದ ಕಾರ್ಡ್ ಮೇಲೆ. ಹೆಣ್ಣು, ಸುಮಾರು 8 ವರ್ಷ, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಲಸಿಕೆ ಆಗಿದೆ, ಅದರ ಕೆಳಗೆ ಪೆನ್ನಲ್ಲಿ: "6ನೇ ದಿನ ವಾಪಸ್. ಕಾರಣ: ಬಚ್ಚಿಟ್ಕೊಳ್ಳುತ್ತೆ."

ಬೆಕ್ಕು ಬಚ್ಚಿಟ್ಕೊಳ್ಳುತ್ತೆ ಅಂತ ವಾಪಸ್! ಮೊದಲು ತಗೊಂಡು ಹೋಗಿದ್ದ ಮನೆಯವರು ಕೆಟ್ಟವರಾಗಿರ್ಲಿಕ್ಕಿಲ್ಲ, ಆದ್ರೆ ಅವರಿಗೆ ಯಾರೂ ಹೇಳಿರ್ಲಿಲ್ವಾ, ಅಥವಾ ಹೇಳಿದ್ದು ಕಿವಿಗೆ ಹೋಗ್ಲಿಲ್ವಾ ಅಂತ ಈಗ್ಲೂ ಸಿಟ್ಟು ಬರುತ್ತೆ. ಅಲ್ಲಿ ಕೆಲಸ ಮಾಡೋ ಹುಡುಗಿ ಹತ್ರ ಅದನ್ನೇ ಅಂದೆ. ಅವಳು ಬೇಜಾರೇ ಮಾಡ್ಕೊಳ್ದೆ, "ಮೇಡಂ, ರಸ್ತೇಲಿ ಬಿಟ್ಟು ಹೋಗದೆ ವಾಪಸ್ ತಂದ್ರಲ್ಲ, ನಾವು ಅದಕ್ಕೇ ಸಂತೋಷ ಪಡ್ತೀವಿ" ಅಂದ್ಲು. ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬಂತೋ. ವಾಪಸ್ ಬಂದ್ಮೇಲೆ ಬೂದಿ ಏಳು ತಿಂಗಳು ಅಲ್ಲೇ ಇತ್ತು, ಅಷ್ಟರಲ್ಲಿ ಅಕ್ಕಪಕ್ಕದ ಮರಿಗಳೆಲ್ಲ ಒಂದೊಂದಾಗಿ ಮನೆ ಸೇರಿದ್ವು. ಇದಕ್ಕೆ ಜೊತೆಯಾಗಿದ್ದು 3 ವರ್ಷದ ಚುಕ್ಕಿ ಮಾತ್ರ. ಎರಡೂ ಒಂದರ ಮೇಲೊಂದು ತಲೆ ಇಟ್ಕೊಂಡೇ ಮಲಗ್ತಿದ್ವು, ಕೊಟ್ರೆ ಎರಡನ್ನೂ ಒಟ್ಟಿಗೇ ಕೊಡೋದು ಅಂದ್ರು. ನಾವು ಒಂದು ಬೆಕ್ಕಿಗೆ ಅಂತ ಹೋದವರು ಬೆಕ್ಕು ಒಯ್ಯೋ ಎರಡು ಬುಟ್ಟಿ, ಅಂದ್ರೆ ಕ್ಯಾರಿಯರ್, ಹಿಡ್ಕೊಂಡು ಬಂದ್ವಿ.

ಹುಡುಗಿ ಹೇಳಿ ಕಳಿಸಿದ್ದು ಇಷ್ಟು. ಇಡೀ ಮನೆ ಬಿಟ್ಟುಕೊಡ್ಬೇಡಿ, ಮೊದಲು ಒಂದೇ ರೂಮು. ಇಲ್ಲಿ ತಿಂತಿದ್ದ ಆಹಾರಾನೇ ಕೊಡಿ, ಬದಲಾಯಿಸೋದಾದ್ರೆ ಆಮೇಲೆ ಒಂದು ವಾರ ಹತ್ತು ದಿನ ತಗೊಂಡು ಸ್ವಲ್ಪಸ್ವಲ್ಪವೇ ಬೆರೆಸಿ. ಎರಡು ಬೆಕ್ಕಿಗೆ ಕಕ್ಕಸಿಗೆ ಅಂತ ಮರಳಿನ ಡಬ್ಬ ಮೂರು, ಊಟದ ತಟ್ಟೆಯಿಂದ ದೂರ. ಇಲ್ಲಿ ಮಲಗ್ತಿದ್ದ ಬಟ್ಟೆ ಕೊಡ್ತೀನಿ, ಒಗೀಬೇಡಿ. ಆ ಮಾಸಿದ ಬಟ್ಟೆ ನೋಡಿ ನನ್ನ ಕೈ ಒಗೆಯೋಕೇ ಹೋಗ್ತಿತ್ತು, ಆದ್ರೆ ಆ ರೂಮಲ್ಲಿ ಅವಕ್ಕೆ ಪರಿಚಯದ್ದು ಅಂತ ಇದ್ದಿದ್ದು ಅದರ ವಾಸನೆ ಒಂದೇ. ಆಮೇಲೆ ಕೊನೇಲಿ ಅವಳು ಹೇಳಿದ್ದು, "ಮೂರು ದಿನ, ಮೂರು ವಾರ, ಮೂರು ತಿಂಗಳು. ಭಯ ಸ್ವಲ್ಪ ಇಳಿಯೋಕೆ, ಮನೆಯ ದಿನಚರಿ ಅರ್ಥ ಆಗೋಕೆ, ಇದು ನಂದೇ ಮನೆ ಅನ್ಸೋಕೆ. ಬೂದಿಗೆ ಎಲ್ಲಾನೂ ಇನ್ನೂ ಜಾಸ್ತಿನೇ ಹಿಡಿಯಬಹುದು."

ಚುಕ್ಕಿ ಮೊದಲ ರಾತ್ರೀನೇ ಹೊರಗೆ ಬಂದು ಕಿಟಕಿ ಏರಿ ಕೂತ್ಲು. ಅವಳ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಸಿಕ್ಕಿದ ಕೈಗೆಲ್ಲ ಕೆನ್ನೆ ಉಜ್ಜೋ ಜೀವ. ಬೂದಿ ಮಾತ್ರ ಕ್ಯಾರಿಯರ್ ಬಾಗಿಲು ತೆಗೆದಿದ್ದೇ ತಡ ಮಂಚದ ಕೆಳಗೆ, ಗೋಡೆ ಮೂಲೆಗೆ. ಮೊದಲ ದಿನ ಒಂದು ಕಾಳೂ ಮುಟ್ಲಿಲ್ಲ. ಎರಡನೇ ದಿನವೂ ಇಲ್ಲ. ನಾನು ಹೆದರಿ ಪ್ರಾಣಿಗಳ ಡಾಕ್ಟರ್‌ಗೆ ಫೋನ್ ಮಾಡಿದೆ, ಅವರು ನಾಳೆವರೆಗೂ ತಿನ್ನದಿದ್ರೆ ಕರ್ಕೊಂಡೇ ಬನ್ನಿ ಅಂದ್ರು. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಇದ್ರೆ ದೇಹದ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಲಿವರೇ ಕೆಡಬಹುದಂತೆ, ದಪ್ಪ ಇರೋ ಬೆಕ್ಕಿಗೆ ಇನ್ನೂ ಅಪಾಯ. ವಾಸನೆ ಏಳ್ಲಿ ಅಂತ ಬೆಕ್ಕಿನ ಮೆತ್ತನೆ ಹಸಿ ಆಹಾರ ಸ್ವಲ್ಪ ಬೆಚ್ಚಗೆ ಮಾಡಿ ಮಂಚದ ಅಂಚಿಗೆ ಸರಿಸಿ, ಲೈಟ್ ಆರಿಸಿ, ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ರಾತ್ರಿ ಎರಡು ಗಂಟೆ ಹೊತ್ತಿಗೆ ತಟ್ಟೆ ನೆಕ್ಕೋ ಸದ್ದು. ಚುಕ್ಕಿ ಇರ್ಬಹುದು ಅಂತ ಸಂದಿಯಿಂದ ನೋಡಿದ್ರೆ ಚುಕ್ಕಿ ಕಿಟಕಿ ಮೇಲೆ ನಿದ್ದೆ ಮಾಡ್ತಿದ್ಲು. ನನಗೆ ಅಳು ಬಂತು, ನಿಜವಾಗ್ಲೂ.

ಆಮೇಲೆ ಒಂದು ರಟ್ಟಿನ ಡಬ್ಬಕ್ಕೆ ಬಾಗಿಲು ಕೊರೆದು ಮಂಚದ ಪಕ್ಕ ಇಟ್ವಿ. 2014ರಲ್ಲಿ ನೆದರ್ಲೆಂಡ್ಸ್‌ನ ಒಂದು ಶೆಲ್ಟರ್‌ನಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗೋ ಡಬ್ಬ ಕೊಟ್ಟು 9ಕ್ಕೆ ಕೊಡದೆ ನೋಡಿದ್ರಂತೆ. ಡಬ್ಬ ಸಿಕ್ಕಿದ ಬೆಕ್ಕುಗಳ ಒತ್ತಡ ಬೇಗ ಇಳೀತು. ಅಂದ್ರೆ ಬಚ್ಚಿಟ್ಕೊಳ್ಳೋದೇ ಅವು ಹೊಸ ಜಾಗಕ್ಕೆ ಹೊಂದ್ಕೊಳ್ಳೋ ದಾರಿ! ಯಾವ ಕೆಲಸ ಮಾಡ್ತಾ ಬೂದಿ ಆ ಮೊದಲ ಮನೆಗೆ ಒಗ್ಗಿಕೊಳ್ತಾ ಇತ್ತೋ ಅದನ್ನೇ ಕಾರಣ ಅಂತ ಬರೆಸಿ ವಾಪಸ್ ಕೊಟ್ಟಿದ್ರು. ಏಳನೇ ದಿನ ಏನಾಗ್ತಿತ್ತೋ, ಹದಿನೈದನೇ ದಿನ ಏನಾಗ್ತಿತ್ತೋ ಅವರಿಗೂ ಗೊತ್ತಾಗ್ಲಿಲ್ಲ, ಅದಕ್ಕೂ ಗೊತ್ತಾಗ್ಲಿಲ್ಲ.

ನನ್ನ ಮಗಳು ದಿನಾ ಸಂಜೆ ಆ ರೂಮಲ್ಲಿ ನೆಲದ ಮೇಲೆ ಕೂತು ಜೋರಾಗಿ ಪಾಠ ಓದ್ತಾಳೆ. ಬೂದಿ ಕಡೆ ನೇರವಾಗಿ ದಿಟ್ಟಿಸಲ್ಲ, ಕಣ್ಣು ಸೇರಿದ್ರೆ ನಿಧಾನಕ್ಕೆ ರೆಪ್ಪೆ ಮುಚ್ಚಿ ತೆಗೀತಾಳೆ. ಹಾಗೆ ಮಾಡಿದ್ರೆ ಬೆಕ್ಕು ಅಪರಿಚಿತರ ಹತ್ರಾನೂ ಬರೋ ಸಾಧ್ಯತೆ ಜಾಸ್ತಿ ಅಂತ 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯವರ ಅಧ್ಯಯನ ಬಂದಿತ್ತು. ಹತ್ತನೇ ದಿನ ಬೂದಿ ತಿರುಗಿ ರೆಪ್ಪೆ ಮುಚ್ತು. ಹನ್ನೊಂದನೇ ದಿನ ಮುಂಗಾಲೊಂದು ಮಂಚದ ಕೆಳಗಿಂದ ಹೊರಗೆ ಚಾಚಿ ಮಲಗಿತ್ತು. ಒಂದೇ ಕಾಲು, ಅಷ್ಟೇ, ಆದ್ರೆ ಮಗಳು ಅದನ್ನ ನನ್ನ ಕಿವೀಲಿ ಗುಟ್ಟಿನ ಹಾಗೆ ಹೇಳಿದ್ಲು.

ಹನ್ನೆರಡನೇ ದಿನ ಭಾನುವಾರ. ಟಾರ್ಚು, ಕೈ, ಬುಸ್, ವಾಪಸ್.

ಅತ್ತಿಗೆ ಒಳ್ಳೆಯವರೇ. ಕಷ್ಟ ಅಂದ್ರೆ ಮೊದಲು ಓಡಿ ಬರೋರು ಅವರು. ಆದ್ರೆ ಅವರಿಗೆ ಯಾವುದೇ ಜೀವ ಆದ್ರೂ ಬಂದ ತಕ್ಷಣ ಮಾತಾಡಿಸ್ಬೇಕು, ನಗ್ಬೇಕು, ಮಡಿಲಿಗೆ ಬರ್ಬೇಕು. ನಾಚಿಕೆ ಸ್ವಭಾವದ ಮಕ್ಕಳನ್ನೂ ಹೀಗೇ ಎಳೆದು ಎಳೆದು ಮಾತಾಡಿಸ್ತಾರೆ, ಚಿಕ್ಕವಳಿದ್ದಾಗ ನನ್ನ ಮಗಳು ಅವರು ಬಂದ್ರೆ ಬಾಗಿಲ ಹಿಂದೆ ನಿಲ್ತಿದ್ಲು. ಅವಳನ್ನ ಯಾರೂ ವಾಪಸ್ ಕೊಡು ಅನ್ಲಿಲ್ವಲ್ಲ. ಇದನ್ನ ಆಗಲೇ ಹೇಳ್ಬೇಕಿತ್ತು. ನಾನು ಅಂದಿದ್ದು "ಇಲ್ಲ ಅತ್ತಿಗೆ, ಅದು ಇಲ್ಲೇ ಇರುತ್ತೆ" ಅಂತ ಮಾತ್ರ. ಅವರು "ನಿನ್ನಿಷ್ಟಮ್ಮ" ಅಂದು ಹೊರಟ್ರು. ಆ ರಾತ್ರಿ ಮುಂಗಾಲು ಹೊರಗೆ ಬರ್ಲಿಲ್ಲ, ತಟ್ಟೆ ಅರ್ಧ ಹಾಗೇ ಉಳೀತು, ನಾನು ಮತ್ತೆ ಬಾಗಿಲ ಹೊರಗೆ ಕೂತೆ, ಬುಸ್ ಅಂದಿದ್ದು ಸಿಟ್ಟಿಗಲ್ಲ, ಹಿಂದಕ್ಕೆ ಹೋಗೋಕೆ ಗೋಡೆ ಬಿಟ್ರೆ ಜಾಗಾನೇ ಇರ್ಲಿಲ್ಲ ಅದಕ್ಕೆ, ಅನ್ನೋದು ಆಗ ಹೊಳೀತು. ಸೋಮವಾರ ಮಂಚದ ಕೆಳಗಿನ ಸಾಮಾನೆಲ್ಲ ತೆಗೆದು ಎರಡೂ ಕಡೆ ದಾರಿ ಮಾಡಿದ್ವಿ.

ನಿನ್ನೆ ಸಂಜೆ, ಹದಿನಾರನೇ ದಿನ, ಮಗಳು ಓದ್ತಾ ಇದ್ಲು, ನಾನು ಬಟ್ಟೆ ಮಡಚ್ತಾ ಇದ್ದೆ. ಬೂದಿ ಹೊರಗೆ ಬಂತು. ಓಡ್ಲಿಲ್ಲ, ನಡ್ಕೊಂಡು ಬಂತು, ಡಬ್ಬದ ಮೂಲೆಗೆ ಕೆನ್ನೆ ಉಜ್ಜಿ, ನಮ್ಮಿಬ್ಬರ ನಡುವೆ ಹಾದು ನೀರು ಕುಡಿಯೋಕೆ ಹೋಯ್ತು. ಮಗಳು ಪಾಠ ನಿಲ್ಲಿಸ್ಲಿಲ್ಲ, ಅದೇ ಸಾಲನ್ನ ಮೂರು ಸಲ ಓದಿದ್ಲು. ನಾನು ಕೂತಲ್ಲಿಂದಲೇ ಒಂದು ಫೋಟೋ ತೆಗೆದೆ, ಮಸುಕು ಮಸುಕಾಗಿ ಬಂದಿದೆ, ಬೆನ್ನು ಮತ್ತು ಬೆಕ್ಕು ಭಯ ಬಿಟ್ಟು ನೆಮ್ಮದಿಯಾಗಿದ್ದಾಗ ಎತ್ತೋ ಹಾಗೆ ನೆಟ್ಟಗೆ ಎದ್ದ ಬಾಲ ಅಷ್ಟೇ ಕಾಣುತ್ತೆ. ಶೆಲ್ಟರ್ ಹುಡುಗಿಗೆ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು: "ಮೇಡಂ, ಏಳು ತಿಂಗಳಲ್ಲಿ ಬೂದಿ ಬಾಲ ಎತ್ತಿದ್ದು ನಾನು ಒಂದು ದಿನವೂ ನೋಡಿಲ್ಲ."