ಹಳಿಗೆ ಮರಳು ಉದುರಿಸುವವರು

ಘೂಮ್‌ಗೆ ಹೊರಡುವ ಹಬೆ ರೈಲಿಗಾಗಿ ನವೆಂಬರಿನ ಒಂದು ಮಂಜು ಕವಿದ ಬೆಳಿಗ್ಗೆ ಡಾರ್ಜಿಲಿಂಗ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ, ಎಂಜಿನ್ನಿನ ತುದಿಯ ತೊಲೆಯ ಮೇಲೆ, ಚಕ್ರಗಳಿಗೆ ಮುಂದಾಗಿ, ಆಚೆಗೊಬ್ಬರು ಈಚೆಗೊಬ್ಬರು ಕುಳಿತಿರುವುದು ಕಣ್ಣಿಗೆ ಬಿತ್ತು. ನಿಲ್ದಾಣದ ಕೆಲಸಗಾರರು ದಣಿವಾರಿಸಿಕೊಳ್ಳುತ್ತಿರಬೇಕೆಂದು ಭಾವಿಸಿದೆ. ರೈಲು ಕದಲಿದರೂ ಅವರು ಇಳಿಯಲಿಲ್ಲ.

ಊಟಿಯ ರೈಲನ್ನು ಹತ್ತಿ ಬಂದ ನಮ್ಮ ಕಡೆಯವರಿಗೆ ಬೆಟ್ಟದ ರೈಲೆಂದರೆ ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಾಸಿದ ಹಲ್ಲಿನ ಪಟ್ಟಿಯೇ ಮೊದಲು ನೆನಪಾಗುತ್ತದೆ. ಇಲ್ಲಿ ಅಂಥ ಆಸರೆಯಿಲ್ಲ. 1881ರಲ್ಲಿ ಡಾರ್ಜಿಲಿಂಗನ್ನು ಮುಟ್ಟಿದ ಈ ಮಾರ್ಗದ ಹಳಿಗಳ ನಡುವಿನ ಅಂತರ ಕೇವಲ 610 ಮಿಲಿಮೀಟರ್, ಎಂದರೆ ಎರಡು ಅಡಿ; 1889ರಿಂದ ಬಳಕೆಗೆ ಬಂದ 'ಬಿ' ವರ್ಗದ ಎಂಜಿನ್ನಿಗೆ ಇರುವುದು ನಾಲ್ಕೇ ಚಕ್ರ. ನುಣುಪಾದ ಹಳಿಯನ್ನು ನುಣುಪಾದ ಚಕ್ರ ಕಚ್ಚಿಕೊಂಡೇ ಏರಬೇಕು. ಮಂಜಿನಿಂದ ಹಳಿ ತೇವಗೊಂಡರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಮೊದಲ ಏರಿನಲ್ಲಿಯೇ ಹಾಗಾಯಿತು: ಎಂಜಿನ್ನಿನ ಉಸಿರು ಒಮ್ಮೆಲೇ ಏದುಸಿರಾಯಿತು, ಬೋಗಿ ಜಗ್ಗಿತು. ಆಗ ಮುಂದಿದ್ದ ಇಬ್ಬರೂ ಪಕ್ಕದ ಪೆಟ್ಟಿಗೆಗೆ ಕೈ ಹಾಕಿ, ನಮ್ಮಲ್ಲಿ ಅಂಗಳಕ್ಕೆ ರಂಗೋಲಿ ಎಳೆಯುವಷ್ಟೇ ಹದವಾಗಿ ಹಳಿಗೆ ಮರಳು ಉದುರಿಸಿದರು. ಚಕ್ರ ಹಿಡಿತಕ್ಕೆ ಬಂತು. ಮೇಲೆ ಮತ್ತೊಬ್ಬರು ಕಲ್ಲಿದ್ದಲನ್ನು ಒಡೆಯುತ್ತ ಕುಳಿತಿದ್ದರು. ಇಷ್ಟು ಪುಟ್ಟ ಯಂತ್ರಕ್ಕೆ ಇಷ್ಟೊಂದು ಕೈಗಳೇ ಎಂದು ಬೆರಗಾದೆ.

ಹಳಿ ಹಿಲ್ ಕಾರ್ಟ್ ರಸ್ತೆಯನ್ನು ಅಂಟಿಕೊಂಡೇ ಸಾಗುತ್ತದೆ, ಮನಬಂದಂತೆ ಅದನ್ನು ದಾಟುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಅಂಗಡಿಯ ಮುಂದೆ ತೂಗುಹಾಕಿದ ಬಿಸ್ಕತ್ತಿನ ಪೊಟ್ಟಣ ಸಿಗುವಂತಿತ್ತು; ಮನೆಯೊಂದರ ಹೊಸ್ತಿಲಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದ ಹುಡುಗಿ ರೈಲಿನತ್ತ ತಿರುಗಿಯೂ ನೋಡಲಿಲ್ಲ. ಬತಾಸಿಯಾದಲ್ಲಿ, 1919ರಲ್ಲಿ ಕಟ್ಟಿದ ಸುತ್ತಿನಲ್ಲಿ, ರೈಲು ತನ್ನದೇ ಹಳಿಯನ್ನು ಮೇಲಿನಿಂದ ದಾಟಿ ಎತ್ತರ ಗಳಿಸುತ್ತದೆ. ಕಾಂಚನಜುಂಗಾ ಮಂಜಿನೊಳಗೆ ಅಡಗಿದ್ದರಿಂದ ಸಹಪ್ರಯಾಣಿಕರು ಪೆಚ್ಚಾದರು. ನನಗೆ ಅಷ್ಟೇನೂ ಬೇಸರವಾಗಲಿಲ್ಲ. ಶಿಖರವನ್ನು ಹೋಟೆಲಿನ ಮಾಳಿಗೆಯಿಂದಲೂ ನೋಡಬಹುದು.

2,258 ಮೀಟರ್ ಎತ್ತರದಲ್ಲಿರುವ ಘೂಮ್ ತಲುಪುವ ಹೊತ್ತಿಗೆ ಕರವಸ್ತ್ರವೆಲ್ಲ ಮಸಿಯಾಗಿತ್ತು. ಎಲ್ಲರೂ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ನಡೆದರು. ನಾನು ಮರಳಿನವರ ಬಳಿ ನಿಂತೆ. ಮರಳು ಒಣಗಿರಲೇಬೇಕು, ನೆನೆದರೆ ಮುಷ್ಟಿಗೇ ಅಂಟಿಕೊಳ್ಳುತ್ತದೆ ಎಂದು ಅವರಲ್ಲಿ ಹಿರಿಯರು ಹಿಂದಿಯಲ್ಲಿ ವಿವರಿಸಿ, ಒಂದು ಚಿಟಿಕೆಯನ್ನು ನನ್ನ ಅಂಗೈಗೆ ಹಾಕಿದರು. ಬೆರಳಿನಿಂದ ಉಜ್ಜಿ ನೋಡಿ, ಕೆಳಗೆ ಕೊಡವಲು ಹೊರಟಾಗ ಅವರು ತಡೆದು, ತೆರೆದ ಪೆಟ್ಟಿಗೆಯನ್ನು ನನ್ನ ಮುಂದೆ ಹಿಡಿದರು.