ಗಡಸು ನೀರಿಗೆ ಒಗ್ಗುವ ಮೀನುಗಳು: ಕೋಲಾರದ ನಮ್ಮ ಮನೆಯ ತೊಟ್ಟಿಯ ದಿನಚರಿ

ದಿನ 1

ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿ ಇಂದು ನಡುಮನೆಗೆ ಬಂದಿತು. ಅಂಚಿನವರೆಗೆ ತುಂಬಿದರೆ 106 ಲೀಟರ್ ಹಿಡಿಯುತ್ತದೆಯಾದರೂ, ತಳಕ್ಕೆ ಮರಳು ಹಾಸಿ ಮೇಲೆ ಎರಡು ಇಂಚು ಬಿಟ್ಟರೆ ನಿಜವಾಗಿ ನಿಲ್ಲುವ ನೀರು ಸುಮಾರು 85 ಲೀಟರ್. ಎಷ್ಟು ಮೀನು ತರಬಹುದೆಂಬ ಲೆಕ್ಕವನ್ನು ಈ 85ರ ಮೇಲೆಯೇ ಹಾಕಬೇಕು. ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಕಿಟಕಿಯಿಂದ ದೂರದ ಗೋಡೆಗೆ ಇಟ್ಟಿದ್ದೇವೆ.

ದಿನ 3

ಮನೆಗೆ ಬರುವುದು ಕೊಳವೆ ಬಾವಿಯ ನೀರು. ತೊಟ್ಟಿಗೆ ಅದನ್ನೇ ತುಂಬಿಸುತ್ತಿದ್ದುದನ್ನು ಕಂಡು ಅಮ್ಮ, "ಈ ನೀರಲ್ಲಿ ತೊಗರಿಬೇಳೇನೇ ಬೇಯಲ್ಲ, ಮೀನು ಹೇಗಪ್ಪಾ ಬಾಳ್ತವೆ?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನೀರು ಕಾಯಿಸುವ ಪಾತ್ರೆಯ ತಳವನ್ನು ಉಗುರಿನಿಂದ ಕೆರೆದರೆ ಸುಣ್ಣದ ಬಿಳಿ ಹಕ್ಕಳೆ ಏಳುತ್ತದೆ. ಪರೀಕ್ಷಾ ಕಿಟ್‌ನಲ್ಲಿ ನೋಡಿದಾಗ ಗಡಸುತನ ಲೀಟರಿಗೆ ಸುಮಾರು 320 ಮಿಲಿಗ್ರಾಂ, ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ; 7 ಎಂದರೆ ಎರಡೂ ಅಲ್ಲ) 8ಕ್ಕೆ ತುಸು ಮೇಲೆ ಇತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕವು ಗಡಸುತನಕ್ಕೆ 200 ಮಿಲಿಗ್ರಾಂ ಎಂಬ ಮಿತಿಯನ್ನಿಟ್ಟು, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಅವಕಾಶ ಕೊಡುತ್ತದೆ. ನಮ್ಮದು ಈ ಎರಡರ ನಡುವಿನ ನೀರು.

ಆರ್‌ಓ ನೀರು ಬೆರೆಸಿ ಇದನ್ನು ಮೆದುಗೊಳಿಸಬಹುದು. ಆದರೆ ವಾರವಾರವೂ ಅದೇ ಅಳತೆಯಲ್ಲಿ ಬೆರೆಸುತ್ತಲೇ ಇರಬೇಕು. ಒಂದು ವಾರ ತಪ್ಪಿದರೂ ನೀರಿನ ಗುಣ ಏರುಪೇರಾಗಿ ಮೀನುಗಳು ನರಳುತ್ತವೆ. ಆದ್ದರಿಂದ ಮೀನಿಗೆ ತಕ್ಕಂತೆ ನೀರನ್ನು ಬದಲಿಸುವ ಬದಲು, ಇರುವ ನೀರಿಗೆ ತಕ್ಕ ಮೀನನ್ನೇ ತರುವುದೆಂದು ತೀರ್ಮಾನಿಸಿದೆ.

ದಿನ 6

ಮಗಳ ಪಟ್ಟಿಯಲ್ಲಿ ನಿಯಾನ್ ಟೆಟ್ರಾ, ಏಂಜೆಲ್, ಗೋಲ್ಡ್ ಫಿಶ್, ಗಪ್ಪಿ ಮತ್ತು ಸಕ್ಕರ್ ಇದ್ದವು. ಅಂಗಡಿಯವರು, "ಎಲ್ಲಾ ಮೀನೂ ಹೊಂದ್ಕೊಳ್ತವೆ ಸಾರ್, ಏನೂ ಆಗಲ್ಲ" ಎಂದು ಧೈರ್ಯ ಹೇಳಿದರು. ಅಂಗಡಿಯ ತೊಟ್ಟಿಯಲ್ಲಿ ಮೀನು ಇರುವುದು ಕೆಲವೇ ದಿನ, ಅದೂ ಮರಿಯಾಗಿರುವಾಗ. ಅಲ್ಲಿ ಕಂಡ ಹೊಂದಾಣಿಕೆ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆಂದು ನಂಬಲಾಗದು.

ನಿಯಾನ್ ಟೆಟ್ರಾ ಅಮೆಜಾನ್ ಸೀಮೆಯ, ತುಸು ಹುಳಿಯಾದ ಮೆದು ನೀರಿನ ಮೀನು. ನಮ್ಮ ನೀರು ಅದಕ್ಕೆ ತೀರಾ ವಿರುದ್ಧ. ಏಂಜೆಲ್ ಬೆಳೆದಾಗ ರೆಕ್ಕೆಗಳೂ ಸೇರಿ ಮೇಲಿಂದ ಕೆಳಗೆ ಒಂದು ಗೇಣನ್ನು ಮುಟ್ಟುತ್ತದೆ, ಬಾಯಿಗೆ ಹಿಡಿಸುವಷ್ಟು ಸಣ್ಣ ಮೀನನ್ನು ನುಂಗುತ್ತದೆ. ಗೋಲ್ಡ್ ಫಿಶ್ ತಂಪು ನೀರನ್ನು ಬಯಸುತ್ತದೆ, ಹೇರಳವಾಗಿ ತಿಂದು ಅಷ್ಟೇ ಹೇರಳವಾಗಿ ನೀರು ಕೆಡಿಸುತ್ತದೆ. ಪಾಚಿ ತಿಂದು ತೊಟ್ಟಿ ತೊಳೆಯುತ್ತದೆಂದು ಮಾರುವ ಸಕ್ಕರ್ ಒಂದಡಿಗೂ ಮೀರಿ ಬೆಳೆಯುತ್ತದೆ. ಹಾಗೆ ಬೆಳೆದದ್ದನ್ನು ಸಾಕಲಾಗದೆ ಜನ ಕೆರೆ ಹೊಳೆಗಳಿಗೆ ಬಿಟ್ಟದ್ದರಿಂದಲೇ ಅದು ನಮ್ಮ ದೇಶದ ಎಷ್ಟೋ ನೀರಿನಲ್ಲಿ ಬೇರೂರಿ, ಅಲ್ಲಿನ ಮೀನುಗಳ ಬಾಳಿಗೆ ಸಂಚಕಾರ ತಂದಿದೆ. ಕೋಲಾರಮ್ಮನ ಕೆರೆಗೆ ಅಂಥದ್ದನ್ನು ಒಯ್ದು ಬಿಡುವ ಪ್ರಸಂಗವೇ ನಮ್ಮ ಮನೆಯಿಂದ ಬರಬಾರದು.

ಉಳಿದದ್ದು ಗಪ್ಪಿ, ಮಾಲಿ, ಪ್ಲಾಟಿಗಳಂಥ ಮರಿ ಹಾಕುವ ಮೀನುಗಳು. ಇವು ಗಡಸು ನೀರಿನಲ್ಲಿಯೇ ಚೆನ್ನಾಗಿ ಬಾಳುತ್ತವೆ. ಜೊತೆಗೆ ನಮ್ಮ ಉಪಖಂಡದ್ದೇ ಆದ ಜೀಬ್ರಾ ಡ್ಯಾನಿಯೊ ಬೇಕೆಂಬುದು ನನ್ನ ಆಸೆ. ಗಂಗಾ ಬಯಲಿನ ಮೀನುಗಳನ್ನು ಅಭ್ಯಾಸ ಮಾಡಿದ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ವರ್ಣಿಸಿದ ಮೀನು ಇದು. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಇದನ್ನು ಸಾಕುತ್ತಾರೆ. ಆದರೆ ಡ್ಯಾನಿಯೊ ಚುರುಕಿನ ಮೀನು, ನಿಧಾನವಾಗಿ ತೇಲುವ ಉದ್ದ ಬಾಲವನ್ನು ಕಚ್ಚಬಹುದು. ಹಾಗಾಗಿ ಬೀಸಣಿಗೆ ಬಾಲದ ಗಪ್ಪಿಯನ್ನು ಬಿಟ್ಟು, ಮೋಟು ಬಾಲದ ಪ್ಲಾಟಿಯನ್ನು ಆರಿಸಿದೆವು. ಮಗಳಿಗೆ ಬೇಸರವಾಯಿತು, ಕೆಂಪು ಪ್ಲಾಟಿಯನ್ನು ತೋರಿಸಿದ ಮೇಲೆ ಒಪ್ಪಿದಳು. ಎರಡಕ್ಕೂ 24 ಡಿಗ್ರಿ ಹಿತವಾದದ್ದರಿಂದ ಹೀಟರನ್ನು ಅಲ್ಲಿಗೇ ನಿಲ್ಲಿಸಿದ್ದೇನೆ. ಚಳಿಗಾಲದ ರಾತ್ರಿಗಳಲ್ಲಿ ಕೋಲಾರದಲ್ಲಿ ಹೀಟರ್ ಬೇಕೇ ಬೇಕು.

ದಿನ 36

ಇಷ್ಟು ದಿನವೂ ತೊಟ್ಟಿಯಲ್ಲಿ ಮೀನಿರಲಿಲ್ಲ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಲು ಬಿಟ್ಟು ಫಿಲ್ಟರ್ ಓಡಿಸಿದೆ. ಮೊದಲು ಕೊಳೆಯಿಂದ ಹುಟ್ಟುವ ಅಮೋನಿಯಾ ಏರಿತು, ಅದು ಇಳಿಯುತ್ತಿದ್ದಂತೆ ಅದರಿಂದಾಗುವ ನೈಟ್ರೈಟ್ ಏರಿತು, ಮೀನಿಗೆ ವಿಷವಾದ ಈ ಎರಡೂ ಇಂದು ಸೊನ್ನೆಗೆ ಬಂದು, ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾತ್ರ ಕಾಣುತ್ತಿದೆ. ಅಂದರೆ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿವೆ. ನಮ್ಮ ಕಡೆಯ ನೀರಿಗೆ ಈ ಕಾಯುವಿಕೆ ಇನ್ನೂ ಅಗತ್ಯ. ಪಿಎಚ್ 7ರಿಂದ 8ಕ್ಕೆ ಏರಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷರೂಪದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ.

ದಿನ 38

ಎಂಟು ಡ್ಯಾನಿಯೊ ಬಂದವು. ಚೀಲವನ್ನು ಇಪ್ಪತ್ತು ನಿಮಿಷ ತೇಲಬಿಟ್ಟು, ತೊಟ್ಟಿಯ ನೀರನ್ನು ಲೋಟದಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ, ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಟ್ಟೆ. ಮೊದಲ ಒಂದು ಗಂಟೆ ಮೂಲೆಯಲ್ಲಿ ಮುದುಡಿದ್ದವು. ಆಮೇಲೆ ಒಂದು ಫಿಲ್ಟರಿನ ಸೆಳೆತಕ್ಕೆ ಎದುರಾಗಿ ನಿಂತಿತು, ಮಿಕ್ಕವು ಒಂದೊಂದಾಗಿ ಅದರ ಬೆನ್ನಿಗೆ ಬಂದವು. ದೀಪದ ಬೆಳಕು ಓರೆಯಾಗಿ ಬಿದ್ದಾಗ ಮೈಮೇಲಿನ ನೀಲಿ ಗೆರೆಗಳು ಬಾಲದ ತುದಿಯವರೆಗೂ ಓಡುವುದು ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡದೊಂದು ಉಳಿದವನ್ನು ಅಟ್ಟುತ್ತದೆ. ಎಂಟಿರುವುದರಿಂದ ಆ ಕಾಟ ಯಾವ ಒಂದರ ಮೇಲೂ ಬೀಳುವುದಿಲ್ಲ. ಮೂರೋ ನಾಲ್ಕೋ ತಂದಿದ್ದರೆ ಹೀಗಿರುತ್ತಿರಲಿಲ್ಲ.

ದಿನ 49

ನಾಲ್ಕು ದಿನದ ಹಿಂದೆ ತಂದ ಆರು ಪ್ಲಾಟಿಗಳನ್ನು ಬೇರೆ ಟಬ್ಬಿನಲ್ಲಿ ಇಟ್ಟದ್ದು ಒಳ್ಳೆಯದಾಯಿತು. ಇಂದು ಒಂದರ ಬಾಲದ ಮೇಲೆ ರವೆ ಕಾಳು ಅಂಟಿದಂತೆ ಬಿಳಿ ಚುಕ್ಕೆಗಳು ಕಂಡವು. ನೇರವಾಗಿ ತೊಟ್ಟಿಗೆ ಬಿಟ್ಟಿದ್ದರೆ ಹದಿನಾಲ್ಕಕ್ಕೂ ತಗಲುತ್ತಿತ್ತು. ನೀರಿನ ಶಾಖವನ್ನು ಮೆಲ್ಲಗೆ 30 ಡಿಗ್ರಿಗೆ ಏರಿಸಿ, ಗಾಳಿಯ ಪಂಪು ಹಾಕಿ, ದಿನವೂ ಕಾಲು ಭಾಗ ನೀರು ಬದಲಿಸುತ್ತಿದ್ದೇನೆ.

ದಿನ 72

ಚುಕ್ಕೆಗಳು ಮಾಯವಾಗಿ, ಆಮೇಲೂ ಒಂದು ವಾರ ಕಾದು, ಆರು ದಿನದ ಹಿಂದೆ ಆರನ್ನೂ ತೊಟ್ಟಿಗೆ ಸೇರಿಸಿದೆ. ಎರಡು ಗಂಡು, ನಾಲ್ಕು ಹೆಣ್ಣು. ಗಂಡುಗಳೇ ಹೆಚ್ಚಾದರೆ ಹೆಣ್ಣುಗಳನ್ನು ಅಟ್ಟಿ ಅಟ್ಟಿ ಸುಸ್ತು ಮಾಡುತ್ತವೆ. ಡ್ಯಾನಿಯೊಗಳು ಮೇಲೆ, ಪ್ಲಾಟಿಗಳು ನಡುವೆ ತಮ್ಮ ಪಾಡಿಗಿವೆ. ಒಂದರ ರೆಕ್ಕೆಯೂ ಹರಿದಿಲ್ಲ. ಹೆಣ್ಣು ಪ್ಲಾಟಿಯೊಂದರ ಹೊಟ್ಟೆ ಉಬ್ಬಿದೆ. ಮರಿಗಳಲ್ಲಿ ಹೆಚ್ಚಿನವು ಡ್ಯಾನಿಯೊಗಳ ಬಾಯಿಗೆ ಹೋಗುತ್ತವೆಂದು ಬಲ್ಲೆ, 85 ಲೀಟರಿನಲ್ಲಿ ಎಲ್ಲವೂ ಉಳಿಯಲೂ ಆಗದು. ಆದರೂ ನಾಲ್ಕಾರಕ್ಕಾದರೂ ಆಸರೆಯಾಗಲೆಂದು ಮಗಳು ಜಾವಾ ಪಾಚಿ (ಜಾವಾ ಮಾಸ್) ಎಂಬ ನೀರುಸಸ್ಯದ ಒಂದು ಹಿಡಿಯನ್ನು ಕಲ್ಲಿಗೆ ದಾರದಿಂದ ಕಟ್ಟಿ ಎಡಮೂಲೆಯಲ್ಲಿ ಇಟ್ಟಿದ್ದಾಳೆ.